ದೊಡ್ಡಾಸ್ಪತ್ರೆಯೋ, ಕ್ಲಿನಿಕ್ಕೋ, ಮನೆಬಾಗಿಲೋ: ಮಗುವಿನ ಥೆರಪಿಗೆ ಜಾಗ ಆರಿಸುವ ಬಗೆ

ತಿಂಗಳಿಗೆ ಎರಡಾದರೂ ಫೋನ್ ಕರೆ ಬರುತ್ತವೆ. ಯಾರೋ ನನ್ನ ನಂಬರ್ ಕೊಟ್ಟಿರುತ್ತಾರೆ. ಅತ್ತ ಕಡೆ ಅಂಗವೈಕಲ್ಯವೋ ಬೆಳವಣಿಗೆಯ ತೊಂದರೆಯೋ ಇರುವ ಮಗುವಿನ ತಾಯಿ, ಒಮ್ಮೊಮ್ಮೆ ಅಜ್ಜಿ. ಪೀಠಿಕೆ ಏನೇ ಇರಲಿ, ಪ್ರಶ್ನೆ ಒಂದೇ: "ಅಕ್ಕ, ಎಲ್ಲಿಗೆ ಕರೆದುಕೊಂಡು ಹೋದರೆ ಒಳ್ಳೆಯದು?" ಮೊದಮೊದಲು ನಾಲ್ಕು ಹೆಸರು ಹೇಳಿಬಿಡುತ್ತಿದ್ದೆ. ಈಗ ತಿರುಗಿ ನಾನೇ ಕೇಳುತ್ತೇನೆ: ಮಗುವಿಗೆ ಎಷ್ಟು ವರ್ಷ, ಮನೆಯಿಂದ ಬಸ್ ನಿಲ್ದಾಣ ಎಷ್ಟು ದೂರ, ಎತ್ತಿಕೊಂಡು ಹೋಗುವವರು ಯಾರು, ಮನೆಯಲ್ಲಿ ಇನ್ನೊಂದು ಮಗು ಇದೆಯೇ. ಕೆಲವರಿಗೆ ಬೇಸರವಾಗುತ್ತದೆ. ಆಸ್ಪತ್ರೆಯ ಹೆಸರು ಕೇಳಿದರೆ ಇವಳು ಮನೆಯ ಜಾತಕ ಕೇಳುತ್ತಾಳಲ್ಲ ಎಂದು.

ನನ್ನ ಮಗಳಿಗೆ ಈಗ ಹದಿಮೂರು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಎಳವೆಯಲ್ಲೇ ಮಿದುಳಿಗೆ ಪೆಟ್ಟಾಗಿ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಎರಡೂ ಕಾಲು ಬಿಗಿ, ಎಡಗೈ ಅಷ್ಟಕ್ಕಷ್ಟೇ, ಮಾತು ಹತ್ತಾರು ಪದ, ನಗು ಧಾರಾಳ. ನಮ್ಮದು ತೆಂಗಿನ ಸೀಮೆಯ ಒಂದು ಹೋಬಳಿ ಊರು. ಜಿಲ್ಲಾ ಕೇಂದ್ರಕ್ಕೆ ಬಸ್ಸಿನಲ್ಲಿ ಎರಡು ಗಂಟೆ, ಬೆಂಗಳೂರಿಗೆ ನಾಲ್ಕು. ಈ ಹನ್ನೆರಡು ವರ್ಷಗಳಲ್ಲಿ ದೊಡ್ಡಾಸ್ಪತ್ರೆ, ಜಿಲ್ಲಾಸ್ಪತ್ರೆ, ಖಾಸಗಿ ಕ್ಲಿನಿಕ್, ಡೇ ಕೇರ್, ಶಾಲೆ, ಮನೆಗೇ ಬರುವ ಕಾರ್ಯಕರ್ತ, ಹೀಗೆ ಎಲ್ಲವನ್ನೂ ಒಂದಲ್ಲ ಒಂದು ಕಾಲದಲ್ಲಿ ಹತ್ತಿರದಿಂದ ಕಂಡಿದ್ದೇವೆ.

ಹೋಲಿಸುವ ಮೊದಲು ಒಂದು ಲೆಕ್ಕ. ಮಗು ದಿನಕ್ಕೆ ಹನ್ನೆರಡು ಗಂಟೆ ಎಚ್ಚರವಿರುತ್ತದೆ ಎಂದುಕೊಳ್ಳಿ. ವಾರಕ್ಕೆ 84 ಗಂಟೆ. ವಾರಕ್ಕೆ ಎರಡು ಸಲ 45 ನಿಮಿಷದ ಥೆರಪಿ ಎಂದರೆ ಒಂದೂವರೆ ಗಂಟೆ. ಉಳಿದ 82 ಗಂಟೆ ಚಿಲ್ಲರೆ ಮಗು ಮನೆಯಲ್ಲಿ, ನಮ್ಮ ತೊಡೆಯ ಮೇಲೆ, ಚಾಪೆಯ ಮೇಲೆ, ಜಗಲಿಯ ಮೇಲೆ ಇರುತ್ತದೆ. ಆ ಹೊತ್ತಿನಲ್ಲಿ ಅದು ಹೇಗೆ ಕೂರಬೇಕು, ಹೇಗೆ ಉಣ್ಣಬೇಕು, ಯಾವ ಮಗ್ಗುಲಲ್ಲಿ ಮಲಗಬೇಕು ಎಂಬುದನ್ನು ಯಾವ ಜಾಗದವರು ನನಗೆ ಕಲಿಸಿ ಕಳುಹಿಸುತ್ತಾರೋ ಅದು ನನ್ನ ಮಟ್ಟಿಗೆ ಒಳ್ಳೆಯ ಜಾಗ. ಮುಂದೆ ಬರೆದಿರುವುದೆಲ್ಲ ಈ ಒಂದೇ ತಕ್ಕಡಿಯಲ್ಲಿ ತೂಗಿದ್ದು. ಬೇರೆ ತಕ್ಕಡಿ ಹಿಡಿಯುವವರಿಗೆ ಬೇರೆ ತೂಕ ಕಂಡೀತು.

ಮೊದಲು ಏನು ಬೇಕೆಂದು ಗೊತ್ತಿರಲಿ

"ಥೆರಪಿ" ಎಂಬ ಒಂದೇ ಮಾತಿನಲ್ಲಿ ನಾಲ್ಕೈದು ಕೆಲಸಗಳು ಅಡಗಿವೆ. ಕೈಕಾಲಿನ ಬಿಗಿತ, ಕೂರುವುದು, ನಿಲ್ಲುವುದು, ನಡೆಯುವುದು ಫಿಜಿಯೋಥೆರಪಿಯವರ ಕೆಲಸ. ಬಟ್ಟೆ ಹಾಕಿಕೊಳ್ಳುವುದು, ಚಮಚ ಹಿಡಿಯುವುದು, ಸದ್ದು ಬೆಳಕಿಗೆ ಬೆಚ್ಚುವ ಮಗುವನ್ನು ಸಮಾಧಾನಕ್ಕೆ ತರುವುದು ಆಕ್ಯುಪೇಷನಲ್ ಥೆರಪಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಎಲ್ಲರೂ ಬರಿದೇ ಒ.ಟಿ. ಎನ್ನುತ್ತಾರೆ, ಆಪರೇಷನ್ ಥಿಯೇಟರ್ ಎಂದುಕೊಂಡು ನನ್ನ ಅತ್ತೆ ಮೊದಲ ದಿನ ಅತ್ತೇ ಬಿಟ್ಟಿದ್ದರು. ಮಾತು ಮಾತ್ರವಲ್ಲ, ನುಂಗುವುದು, ಜೊಲ್ಲು, ಚಿತ್ರ ತೋರಿಸಿ ಬೇಕಾದ್ದನ್ನು ಕೇಳುವುದು, ಇವೆಲ್ಲ ಸ್ಪೀಚ್ ಥೆರಪಿಗೆ ಸೇರುತ್ತವೆ. ಕಲಿಕೆಗೆ ವಿಶೇಷ ಶಿಕ್ಷಕಿ. ನಡವಳಿಕೆ, ಬುದ್ಧಿಮಟ್ಟದ ಅಳತೆ, ತಂದೆತಾಯಿಯ ಮನಸ್ಸಿನ ಭಾರ, ಇದು ಕ್ಲಿನಿಕಲ್ ಸೈಕಾಲಜಿಸ್ಟ್ ನೋಡುವಂಥದ್ದು.

ಕಿವಿಯ ವಿಷಯಕ್ಕೆ ಮಾತ್ರ ಹೋಲಿಕೆ, ಯೋಚನೆ ಎಂದು ಕಾಲ ಕಳೆಯಬೇಡಿ. ಹುಟ್ಟಿದ ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಶ್ರವಣ ಸಾಧನ ಮತ್ತು ತರಬೇತಿ ಶುರುವಾಗಬೇಕು ಎಂಬುದು ಆ ಕ್ಷೇತ್ರದವರ ಲೆಕ್ಕ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕನ್ನಡದಲ್ಲೇ ಪರೀಕ್ಷೆ ಮಾಡಿ ಕನ್ನಡದಲ್ಲೇ ಕಲಿಸುವವರು ಅಲ್ಲಿದ್ದಾರೆ. ನನ್ನ ನಾದಿನಿಯ ಮಗನನ್ನು "ಗಂಡುಮಕ್ಕಳಿಗೆ ಮಾತು ತಡ" ಎಂದು ಮೂರು ವರ್ಷ ಮನೆಯಲ್ಲಿ ಇಟ್ಟುಕೊಂಡರು. ಆ ಮೂರು ವರ್ಷ ಆಮೇಲೆ ಎಲ್ಲಿಯೂ ಸಿಗಲಿಲ್ಲ.

ದೊಡ್ಡಾಸ್ಪತ್ರೆ

ಬೆಂಗಳೂರಿನ ನಿಮ್ಹಾನ್ಸ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ದೊಡ್ಡ ಮೆಡಿಕಲ್ ಕಾಲೇಜುಗಳು. ಇವುಗಳ ಬಲ ಇರುವುದು ರೋಗನಿರ್ಣಯದಲ್ಲಿ. ಫಿಟ್ಸ್ ಇದೆಯೇ, ಇರುವುದು ಯಾವ ಬಗೆಯದು, ಮಗುವಿನ ಬೆಳವಣಿಗೆ ನಿಧಾನವೋ ಅಥವಾ ಕಲಿತದ್ದೇ ಹಿಂದೆ ಹೋಗುತ್ತಿದೆಯೋ, ಸ್ನಾಯುವಿನ ಕಾಯಿಲೆಯೋ ಮಿದುಳಿನದೋ, ಇದನ್ನು ಬಿಡಿಸಿ ಹೇಳಲು ಅನುಭವಿ ಕಣ್ಣೂ ಯಂತ್ರವೂ ಬೇಕು. ಇನ್ನೊಂದು ಮಾತು ಬಹಳ ತಂದೆತಾಯಿಗೆ ಯಾರೂ ಹೇಳುವುದಿಲ್ಲ: ನಡೆಯದ ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ಸೊಂಟದ ಕೀಲು ನಿಧಾನವಾಗಿ ಗುಳಿಯಿಂದ ಜಾರುವ ಅಪಾಯ ಹೆಚ್ಚು. ಮೊದಲಿಗೆ ನೋವು ಇರುವುದಿಲ್ಲ, ಕಣ್ಣಿಗೆ ಕಾಣುವುದೂ ಇಲ್ಲ. ಎರಡು ವರ್ಷದ ಸುಮಾರಿನಿಂದ ಆಗಾಗ ಸೊಂಟದ ಎಕ್ಸ್‌ರೇ ತೆಗೆಸಿ ಮೂಳೆ ವೈದ್ಯರಿಗೆ ತೋರಿಸಬೇಕು. ನನಗೆ ಇದು ಗೊತ್ತಾಗುವ ಹೊತ್ತಿಗೆ ಮಗಳಿಗೆ ಆರು ತುಂಬಿತ್ತು. ಮನೆಬಾಗಿಲಿನ ಸೇವೆ ಎಷ್ಟೇ ಚೆನ್ನಾಗಿರಲಿ, ಈ ಕೆಲಸ ಅದರಿಂದ ಆಗದು.

ಆದರೆ ವಾರವಾರದ ಥೆರಪಿಗೆ ದೊಡ್ಡಾಸ್ಪತ್ರೆಯನ್ನು ನಂಬಿಕೊಂಡರೆ ಸೋಲುವುದು ನಾವೇ. ರಾತ್ರಿ ಎರಡಕ್ಕೆ ಎದ್ದು, ಬಸ್ಸು ಹಿಡಿದು, ಸಾಲಿನಲ್ಲಿ ನಿಂತು ಮಧ್ಯಾಹ್ನದ ಹೊತ್ತಿಗೆ ಒಳಗೆ ಹೋದರೆ ಮಗು ನಿದ್ದೆಗೆಟ್ಟು ಅಳುತ್ತಿರುತ್ತದೆ. ಅಳುವ ಮಗುವಿಗೆ ಯಾವ ಥೆರಪಿಯೂ ಹತ್ತುವುದಿಲ್ಲ. ಅಲ್ಲಿಗೆ ಆರು ತಿಂಗಳಿಗೆ ಒಮ್ಮೆ, ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು, ಮಗು ಮನೆಯಲ್ಲಿ ಉಣ್ಣುವ, ಆಡುವ, ಫಿಟ್ಸ್ ಬರುವ ವಿಡಿಯೊವನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಹೋಗಿ. ವೈದ್ಯರ ಎದುರು ಮಗು ಗೊಂಬೆಯ ಹಾಗೆ ಕುಳಿತುಬಿಡುತ್ತದೆ, ಆಗ ಈ ವಿಡಿಯೊವೇ ಸಾಕ್ಷಿ. ಹೊರಡುವಾಗ ತಪ್ಪದೆ ಕೇಳಿ: "ಮನೆಯಲ್ಲಿ ಮಾಡಬೇಕಾದ್ದನ್ನು ಬರೆದುಕೊಡಿ, ಒಂದು ಸಲ ನನ್ನ ಕೈಯಲ್ಲಿ ಮಾಡಿಸಿ ನೋಡಿ."

ಜಿಲ್ಲಾಸ್ಪತ್ರೆಯ ಡಿಇಐಸಿ

ನನ್ನ ಕಣ್ಣಿನಲ್ಲಿ ಜನ ಅತಿ ಕಡಿಮೆ ಬಳಸುವ ಜಾಗ ಇದೇ. 2013ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ಶುರು ಮಾಡಿತು. ಅಂಗನವಾಡಿಗೂ ಸರ್ಕಾರಿ ಶಾಲೆಗೂ ಒಂದು ವಾಹನದಲ್ಲಿ ವೈದ್ಯರು ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳಲ್ಲಿ ಹುಟ್ಟುದೋಷ, ಕೊರತೆ, ಕಾಯಿಲೆ, ಬೆಳವಣಿಗೆಯ ವಿಳಂಬ ಕಂಡರೆ ಅವರು ಚೀಟಿ ಬರೆದು ಜಿಲ್ಲಾಸ್ಪತ್ರೆಯ ಆರಂಭಿಕ ಮಧ್ಯಸ್ಥಿಕೆ ಕೇಂದ್ರಕ್ಕೆ, ಅಂದರೆ ಡಿಇಐಸಿಗೆ, ಕಳುಹಿಸುತ್ತಾರೆ. ನಿಯಮದ ಪ್ರಕಾರ ಅಲ್ಲಿ ಮಕ್ಕಳ ವೈದ್ಯರು, ಫಿಜಿಯೋಥೆರಪಿ, ಶ್ರವಣ ಮತ್ತು ವಾಕ್ ತಜ್ಞರು, ಸೈಕಾಲಜಿಸ್ಟ್, ವಿಶೇಷ ಶಿಕ್ಷಕಿ ಒಂದೇ ಸೂರಿನಡಿ ಇರಬೇಕು, ಅದೂ ಉಚಿತವಾಗಿ.

"ಇರಬೇಕು" ಎಂಬ ಪದ ಗಮನಿಸಿ. ಹುದ್ದೆ ಇದೆ, ಕುರ್ಚಿ ಇದೆ, ಕುರ್ಚಿಯ ಮೇಲೆ ಕೂರುವವರು ಇರಬಹುದು, ಇಲ್ಲದಿರಬಹುದು. ಗುತ್ತಿಗೆಯ ನೌಕರಿ, ಮಗುವಿಗೆ ಒಬ್ಬರು ಒಗ್ಗುವಷ್ಟರಲ್ಲಿ ಅವರ ಗುತ್ತಿಗೆ ಮುಗಿದಿರುತ್ತದೆ. ಹಾಗಾಗಿ ಹೋಗುವ ಮೊದಲು ಫೋನ್ ಮಾಡಿ, ಇಂದು ಯಾವ ಥೆರಪಿಸ್ಟ್ ಇದ್ದಾರೆ ಎಂದು ಕೇಳಿಕೊಳ್ಳಿ. ಜಿಲ್ಲಾ ಕೇಂದ್ರದಲ್ಲೇ ಅಥವಾ ಒಂದು ಗಂಟೆಯ ದಾರಿಯಲ್ಲಿ ಮನೆಯಿದ್ದು ಮಗುವಿಗೆ ಮೂರು ವರ್ಷದ ಒಳಗಿದ್ದರೆ ನಾನು ಕಣ್ಣು ಮುಚ್ಚಿ ಇಲ್ಲಿಂದಲೇ ಶುರು ಮಾಡಿ ಎನ್ನುತ್ತೇನೆ. ದಾವಣಗೆರೆಯ ಸುತ್ತಮುತ್ತಲಿನವರಿಗೆ ಇನ್ನೊಂದು ಅನುಕೂಲವಿದೆ: ಅಂಗವಿಕಲರ ಪುನರ್ವಸತಿಗಾಗಿ ಕೇಂದ್ರ ಸರ್ಕಾರ ನಡೆಸುವ ಸಂಯೋಜಿತ ಪ್ರಾದೇಶಿಕ ಕೇಂದ್ರ, ಸಿ.ಆರ್.ಸಿ., ಅಲ್ಲಿಯೇ ಇದೆ.

ಖಾಸಗಿ ಕ್ಲಿನಿಕ್

ಮಗಳಿಗೆ ಮೂರು ವರ್ಷವಾದಾಗ ನಾವು ಬೆಂಗಳೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆವು. ಯಜಮಾನರು ಊರಿನಲ್ಲಿ, ನಾನೂ ಮಗಳೂ ಅಲ್ಲಿ. ವಾರಕ್ಕೆ ಐದು ದಿನ ಥೆರಪಿ, ಒಂದು ಸಲಕ್ಕೆ 600 ರೂಪಾಯಿ. ಕ್ಲಿನಿಕ್ಕಿನ ಗೋಡೆಗೆಲ್ಲ ಬಣ್ಣಬಣ್ಣದ ಚಿತ್ರ, ಒಳಗೆ ಉಯ್ಯಾಲೆ, ದೊಡ್ಡ ದೊಡ್ಡ ಚೆಂಡು. ನಾನು ಹೊರಗಿನ ಬೆಂಚಿನಲ್ಲಿ ಕೂರಬೇಕು, ಬಾಗಿಲು ಮುಚ್ಚುತ್ತದೆ, 45 ನಿಮಿಷಕ್ಕೆ ತೆರೆಯುತ್ತದೆ. "ಇವತ್ತು ಚೆನ್ನಾಗಿ ಮಾಡಿದಳು" ಎಂಬ ಒಂದು ಸಾಲು ಹೇಳಿ ಮುಂದಿನ ಮಗುವನ್ನು ಕರೆಯುತ್ತಾರೆ. ಹದಿನಾಲ್ಕು ತಿಂಗಳಾದ ಮೇಲೆ ಹತ್ತು ಗುಂಟೆ ತೋಟ ಅಡವಿಟ್ಟ ದುಡ್ಡು ಮುಗಿಯಿತು, ಊರಿಗೆ ಮರಳಿದೆವು. ಊರಿನ ಚಾಪೆಯ ಮೇಲೆ ಮಗಳನ್ನು ಮಲಗಿಸಿ ನೋಡಿದಾಗ ಗೊತ್ತಾಯಿತು, ಒಳಗೆ ಏನು ಮಾಡುತ್ತಿದ್ದರು ಎಂಬುದೇ ನನಗೆ ತಿಳಿದಿಲ್ಲ.

ಎಲ್ಲ ಕ್ಲಿನಿಕ್ಕುಗಳೂ ಹೀಗಲ್ಲ. ಪೋಷಕರನ್ನು ಪಕ್ಕದಲ್ಲೇ ಕೂರಿಸಿಕೊಂಡು ಕಲಿಸುವ ಥೆರಪಿಸ್ಟ್‌ಗಳನ್ನೂ ಆಮೇಲೆ ಕಂಡೆ. ಖಾಸಗಿಯಲ್ಲಿ ಹೊತ್ತಿಗೆ ಸರಿಯಾಗಿ ಕರೆಯುತ್ತಾರೆ, ಒಬ್ಬರೇ ಥೆರಪಿಸ್ಟ್ ವರ್ಷಗಟ್ಟಲೆ ಸಿಗುವ ಸಾಧ್ಯತೆಯೂ ಹೆಚ್ಚು. ಆಟಿಸಂ ಇರುವ ಮಕ್ಕಳಿಗಂತೂ ಪರಿಚಿತ ಮುಖ, ಪರಿಚಿತ ಕೋಣೆ ಎಂಬುದು ಸಣ್ಣ ವಿಷಯವಲ್ಲ. ಪಟ್ಟಣದಲ್ಲಿದ್ದು, ಸಂಬಳ ನಿಗದಿಯಾಗಿ ಬರುವ ಮನೆಯಾದರೆ ಇದನ್ನು ಆರಿಸಿಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಸೇರಿಸುವ ಮೊದಲು ಮೂರು ವಿಷಯ ನೋಡಿ.

ಒಂದು, ನೋಂದಣಿ. ವಾಕ್ ಶ್ರವಣ ತಜ್ಞರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ವಿಶೇಷ ಶಿಕ್ಷಕರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಬಸ್ಸಿನಲ್ಲಿ ಟಿಕೆಟ್ ಕೇಳಿದಷ್ಟೇ ಸಹಜ. ಎರಡು, ಬಾಗಿಲು. ಮಗು ಒಗ್ಗುವವರೆಗೆ ಕೆಲವು ದಿನ ತಾಯಿ ಹೊರಗಿರಲಿ ಎನ್ನುವುದಕ್ಕೆ ಕಾರಣವಿರಬಹುದು. ಆದರೆ ತಿಂಗಳಾದರೂ ಒಳಗೆ ಬಿಡದಿದ್ದರೆ ಬೇರೆ ಜಾಗ ಹುಡುಕಿ. ಮೂರು, ಭರವಸೆ. "ಗುಣಪಡಿಸುತ್ತೇವೆ" ಎಂಬ ಫಲಕ ಕಂಡರೆ ಚಪ್ಪಲಿಯನ್ನೂ ಕಳಚದೆ ಹಿಂತಿರುಗಿ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ: ರಕ್ತ ಸಂಬಂಧಿ ಕಾಯಿಲೆಗಳಿಗೆ ಮಾಡುವ ಕಸಿಯಂಥವನ್ನು ಬಿಟ್ಟರೆ ಸ್ಟೆಮ್ ಸೆಲ್ ಬಳಕೆ ಇನ್ನೂ ಪ್ರಯೋಗದ ಹಂತದ್ದು. ಆಟಿಸಂಗಾಗಲಿ ಸೆರೆಬ್ರಲ್ ಪಾಲ್ಸಿಗಾಗಲಿ ಅದನ್ನು ಚಿಕಿತ್ಸೆ ಎಂದು ಮಾರುವಂತಿಲ್ಲ.

ಮನೆಬಾಗಿಲಿಗೆ ಬರುವವರು

ಊರಿಗೆ ಮರಳಿದ ಮೇಲೆ ಒಂದು ದಿನ ಹಿಂದೆ ಎರಡು ಪುಟ್ಟ ಚಕ್ರ ಕಟ್ಟಿದ ಸ್ಕೂಟರ್ ನಮ್ಮ ಅಂಗಳದಲ್ಲಿ ನಿಂತಿತು. ಬಂದವನು ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಊರಲ್ಲಿ ಎಲ್ಲರೂ ವಿ.ಆರ್.ಡಬ್ಲ್ಯೂ. ಎಂದೇ ಕರೆಯುವುದು. ಅವನ ಬಲಗಾಲಿಗೇ ಕ್ಯಾಲಿಪರ್, ಚಿಕ್ಕಂದಿನಲ್ಲಿ ಪೋಲಿಯೊ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೊಬ್ಬರಂತೆ ಇಂಥವರಿದ್ದಾರೆ, ತಾಲ್ಲೂಕಿಗೆ ಒಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಅಂದರೆ ಎಂ.ಆರ್.ಡಬ್ಲ್ಯೂ. ಇವರೂ ಅಂಗವೈಕಲ್ಯ ಇರುವವರೇ, ಗೌರವಧನದ ಮೇಲೆ ದುಡಿಯುವವರು. ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕೆಳಗೆ ಬರುತ್ತಾರೆ.

ಅವನು ಚೀಲದಿಂದ ಅರ್ಜಿ ನಮೂನೆ ತೆಗೆಯುತ್ತಾನೆ ಎಂದುಕೊಂಡಿದ್ದೆ. ತೆಗೆದ, ಅದೂ ಇತ್ತು. ಆದರೆ ಅದಕ್ಕೆ ಮೊದಲು ಕೇಳಿದ: "ಅಕ್ಕ, ಊಟ ಹೇಗೆ ಮಾಡಿಸುತ್ತೀರಿ, ತೋರಿಸಿ." ನಾನು ಮಗಳನ್ನು ತೊಡೆಯ ಮೇಲೆ ಅಡ್ಡಡ್ಡ ಮಲಗಿಸಿಕೊಂಡು, ತಲೆ ಹಿಂದಕ್ಕೆ ವಾಲಿಸಿ, ಸಾರಿನಲ್ಲಿ ಅದ್ದಿದ ಮುದ್ದೆಯ ತುತ್ತನ್ನು ಬಾಯಿಗೆ ಹಾಕಿದೆ. ಮಗಳು ಎಂದಿನಂತೆ ಕೆಮ್ಮಿದಳು. ಅವನು, "ನೀವೂ ಹಾಗೆಯೇ ತಲೆ ಹಿಂದಕ್ಕೆ ಮಾಡಿ ಒಂದು ಗುಟುಕು ನೀರು ನುಂಗಿ ನೋಡಿ" ಎಂದ. ನುಂಗಲು ಹೋದೆ, ನೀರು ಮೂಗಿಗೆ ಏರಿತು. ಆ ವರ್ಷ ಮಗಳಿಗೆ ಎರಡು ಸಲ ನ್ಯುಮೋನಿಯಾ ಆಗಿತ್ತು. ನೆಟ್ಟಗೆ ಕೂರಿಸಿ, ಗಲ್ಲ ಸ್ವಲ್ಪ ಎದೆಯ ಕಡೆ ಬಾಗಿರುವಂತೆ ಹಿಡಿದು, ಎದುರಿನಿಂದ ತುತ್ತು ಕೊಡಬೇಕು. ಇಷ್ಟು ಸಣ್ಣ ಮಾತು ನನ್ನ ಕಿವಿಗೆ ಬೀಳಲು ನಾಲ್ಕೂವರೆ ವರ್ಷ ಬೇಕಾಯಿತು.

ಮುಂದಿನ ತಿಂಗಳು ಅವನ ಜೊತೆ ಒಂದು ಸ್ವಯಂಸೇವಾ ಸಂಸ್ಥೆಯ ಫಿಜಿಯೋಥೆರಪಿಸ್ಟ್ ಬಂದರು. ಮಗಳ ಬೆನ್ನು, ತೊಡೆ, ಮೊಣಕಾಲಿನಿಂದ ಪಾದದವರೆಗಿನ ಉದ್ದ ಎಲ್ಲವನ್ನೂ ಟೇಪಿನಲ್ಲಿ ಅಳೆದು ಹಾಳೆಯಲ್ಲಿ ಬರೆದರು. ಆ ಹಾಳೆ ಹಿಡಿದು ಊರಿನ ಬಡಗಿಯ ಬಳಿ ಹೋದೆವು. ಹಲಸಿನ ಹಲಗೆಯಲ್ಲಿ ಮೂಲೆ ಕುರ್ಚಿ ಸಿದ್ಧವಾಯಿತು: ಗೋಡೆಯ ಮೂಲೆಯ ಹಾಗೆ ಬೆನ್ನಿಗೆ ಎರಡು ಹಲಗೆ ಕೂಡಿಸಿದ್ದು, ಭುಜ ಮುಂದಕ್ಕೆ ಬರುವಂತೆ, ತೊಡೆಗಳ ನಡುವೆ ಒಂದು ಗೂಟ, ಕಾಲು ಕತ್ತರಿಯ ಹಾಗೆ ಹೆಣೆದುಕೊಳ್ಳದಂತೆ, ಎದುರಿಗೆ ಒಂದು ಮಣೆ, ತಟ್ಟೆ ಇಡಲು. ಬಡಗಿ ಗೂಟವನ್ನು ಚೂಪಾಗಿ ಕೆತ್ತಿದ್ದ, ಅದಕ್ಕೆ ಹಳೆಯ ಕೌದಿಯ ತುಂಡು ಸುತ್ತಿದೆವು. ಮೊದಲ ದಿನ ಹತ್ತು ನಿಮಿಷ ಕುಳಿತಳು. ಎರಡು ತಿಂಗಳಿಗೆ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನಾನು ಬಿಡಿಸುವ ಅವರೆಕಾಳನ್ನು ಬಲಗೈಯಲ್ಲಿ ಬುಟ್ಟಿಯಿಂದ ಹೊರಗೆ ಎಸೆಯುವುದೇ ಅವಳ ಕಸುಬಾಯಿತು. ಬೆಂಗಳೂರಿನ 600 ರೂಪಾಯಿಯ ಕೋಣೆಯಲ್ಲಿ ಇದೇ ಕೆಲಸವನ್ನು ಬಣ್ಣದ ಮಣಿಗಳಲ್ಲಿ ಮಾಡಿಸುತ್ತಿದ್ದರಂತೆ.

ಈ ಪದ್ಧತಿಗೆ ಸಮುದಾಯ ಆಧಾರಿತ ಪುನರ್ವಸತಿ ಎಂದು ಹೆಸರು. 1978ರ ಆಲ್ಮಾ ಆಟಾ ಘೋಷಣೆಯ ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮುಂದಿಟ್ಟಿತು. ಆಸ್ಪತ್ರೆಗೆ ಬರಲಾಗದವರೇ ಹೆಚ್ಚಿರುವಾಗ ಊರಿನಲ್ಲೇ ಊರಿನವರಿಂದಲೇ ಮಾಡಿಸುವುದು ಅದರ ತಿರುಳು. ಕರ್ನಾಟಕದಲ್ಲಿ ಈ ದಾರಿಯಲ್ಲಿ ಬಹಳ ಕೆಲಸವಾಗಿದೆ. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ (ಎ.ಪಿ.ಡಿ.), 1994ರಲ್ಲಿ ಶುರುವಾದ ಮೊಬಿಲಿಟಿ ಇಂಡಿಯಾ, ಇವೆರಡೂ ಕೇಂದ್ರದ ಒಳಗಿನ ಸೇವೆಯ ಜೊತೆಗೆ ಹಳ್ಳಿಗಳಿಗೂ ಕಾರ್ಯಕರ್ತರನ್ನು ಕಳುಹಿಸಿದ ಸಂಸ್ಥೆಗಳು.

ಇದರ ಹುಳುಕನ್ನೂ ಹೇಳಬೇಕು. ವಿ.ಆರ್.ಡಬ್ಲ್ಯೂ. ಥೆರಪಿಸ್ಟ್ ಅಲ್ಲ. ತರಬೇತಿ ಕೆಲವು ವಾರಗಳದ್ದು, ಕೆಲಸ ಮಾತ್ರ ಬೆಟ್ಟದಷ್ಟು: ಮಾಸಾಶನದ ಕಾಗದ, ಗುರುತಿನ ಚೀಟಿ, ಸಮೀಕ್ಷೆ, ಗ್ರಾಮಸಭೆ, ಚುನಾವಣೆ ಬಂದರೆ ಮತಗಟ್ಟೆ. ನಮ್ಮವನ ಅದೃಷ್ಟವೋ ನಮ್ಮದೋ, ಅವನ ಬೆನ್ನಿಗೆ ಒಂದು ಸಂಸ್ಥೆಯ ಥೆರಪಿಸ್ಟ್ ಇದ್ದರು. ಪಕ್ಕದ ಪಂಚಾಯಿತಿಯಲ್ಲಿ ಹಾಗಿರಲಿಲ್ಲ. ಅಲ್ಲಿಯ ಕಾರ್ಯಕರ್ತೆ ಒಳ್ಳೆಯ ಹೆಂಗಸು, ಆದರೆ ಬಿಗಿದ ಕಾಲನ್ನು ಜೋರಾಗಿ ಎಳೆದು ನೇರ ಮಾಡಲು ಹೋಗಿ ಮಗುವಿಗೆ ನೋವು ಮಾಡಿದಳು. ಆದ್ದರಿಂದ ಮನೆಗೆ ಬರುವವರನ್ನು ಕೇಳಬೇಕಾದ ಪ್ರಶ್ನೆ ಇದು: ನಿಮಗೆ ಕಲಿಸುವವರು ಯಾರು, ಅವರು ಎಷ್ಟು ದಿನಕ್ಕೊಮ್ಮೆ ಬಂದು ನನ್ನ ಮಗುವನ್ನು ನೋಡುತ್ತಾರೆ? ಈ ಪ್ರಶ್ನೆಗೆ ಉತ್ತರವಿದ್ದರೆ, ಊರಿನಲ್ಲಿ ಇರುವವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ ಎಂದೇ ನನ್ನ ಅಭಿಪ್ರಾಯ. ಉತ್ತರವಿಲ್ಲದಿದ್ದರೆ ಕಾಗದಪತ್ರಕ್ಕೆ ಅವರ ನೆರವು ಪಡೆದು ಥೆರಪಿಗೆ ಡಿಇಐಸಿ ಹಿಡಿಯಿರಿ.

ಡೇ ಕೇರ್, ವಿಶೇಷ ಶಾಲೆ, ಊರಿನ ಶಾಲೆ

ಡೇ ಕೇರ್‌ನ ದೊಡ್ಡ ಲಾಭ ತಾಯಿಗೆ, ಇದನ್ನು ಮುಚ್ಚಿಡಬೇಕಾಗಿಲ್ಲ. ಬೆಳಿಗ್ಗೆ ವ್ಯಾನ್ ಬಂದು ಕರೆದುಕೊಂಡು ಹೋಗಿ ಸಂಜೆ ಬಿಟ್ಟರೆ ನಡುವೆ ಆಕೆ ಕೂಲಿಗೆ ಹೋಗಬಹುದು, ನಿದ್ದೆ ಮಾಡಬಹುದು. ದಕ್ಷಿಣ ಕನ್ನಡದಲ್ಲಿ ಗೇರು ತೋಟಗಳಿಗೆ ಆಕಾಶದಿಂದ ಎಂಡೋಸಲ್ಫಾನ್ ಸುರಿದದ್ದರ ಫಲ ಉಣ್ಣುತ್ತಿರುವ ಊರುಗಳಿವೆ. ಸುಪ್ರೀಂ ಕೋರ್ಟ್ ಆ ಕೀಟನಾಶಕಕ್ಕೆ ತಡೆ ಹಾಕಿದ್ದು 2011ರಲ್ಲಿ. ಅಲ್ಲಿಯ ಕೊಕ್ಕಡ, ಕೊಯಿಲದಂಥ ಕಡೆ ಡೇ ಕೇರ್ ಕೇಂದ್ರಗಳು ಬಂದದ್ದು ಮನೆಯವರ ವರ್ಷಗಟ್ಟಲೆಯ ಹೋರಾಟದಿಂದ. ವಯಸ್ಸಾದ ತಾಯಿ ಬೆಳೆದ ಮಗನನ್ನು ಎತ್ತಲಾಗದ ಮನೆಗಳಿಗೆ ಥೆರಪಿಗಿಂತ ಮೊದಲು ಬೇಕಾದದ್ದು ಇಂಥ ಹಗಲಿನ ಆಸರೆ.

ಕೇಂದ್ರ ನೋಡಲು ಹೋದಾಗ ಗೋಡೆಯ ಚಿತ್ರ ನೋಡಬೇಡಿ, ಶೌಚಾಲಯ ನೋಡಿ. ಹಿಡಿದುಕೊಳ್ಳಲು ಸರಳು ಇದೆಯೇ, ನೆಲ ಒಣಗಿದೆಯೇ, ದೊಡ್ಡ ಹುಡುಗಿಯರಿಗೆ ಬಾಗಿಲು ಹಾಕಿಕೊಂಡು ನೆರವಾಗುವ ಆಯಾ ಇದ್ದಾರೆಯೇ. ಮಧ್ಯಾಹ್ನ ಊಟದ ಹೊತ್ತಿಗೆ ಹೋಗಿ. ಎಲ್ಲ ಮಕ್ಕಳಿಗೂ ಒಬ್ಬರೇ ಸಾಲಾಗಿ ತುತ್ತು ಹಾಕುತ್ತಿದ್ದರೆ ಅಲ್ಲಿ ಥೆರಪಿಯ ಮಾತು ದೂರ.

ಊರಿನ ಸರ್ಕಾರಿ ಶಾಲೆಯನ್ನು ಮರೆಯಬೇಡಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ; ಶೇ. 40ಕ್ಕೆ ಕಡಿಮೆಯಿಲ್ಲದಷ್ಟು ಅಂಗವೈಕಲ್ಯ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಇದೆ. ತಾಲ್ಲೂಕಿನಲ್ಲಿ ಬಿ.ಐ.ಇ.ಆರ್.ಟಿ. ಎಂಬ ವಿಶೇಷ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಶಾಲಾ ಸಿದ್ಧತಾ ಕೇಂದ್ರದಲ್ಲಿ ಗೊತ್ತಾದ ದಿನ ಫಿಜಿಯೋಥೆರಪಿ ನಡೆಯುತ್ತದೆ. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಗೃಹಾಧಾರಿತ ಶಿಕ್ಷಣ. ನನ್ನ ಮಗಳು ಓದು ಬರಹ ಕಲಿಯಲಿಲ್ಲ. ಆದರೆ ವಾರಕ್ಕೆ ಮೂರು ದಿನ ಶಾಲೆಯ ಜಗಲಿಯಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ಬಂದ ಮೇಲೆ ಅವಳ ಹತ್ತಾರು ಪದಗಳಲ್ಲಿ ಆರು ಗೆಳತಿಯರ ಹೆಸರುಗಳಾದವು. ಅದನ್ನು ಕಲಿಸುವ ಸ್ಪೀಚ್ ಥೆರಪಿಸ್ಟ್ ನನಗೆ ಸಿಕ್ಕಿರಲಿಲ್ಲ.

ಹದಿನೆಂಟು ದಾಟಿದವರು

ಇಲ್ಲಿ ಆಯ್ಕೆ ಒಮ್ಮೆಲೇ ಕಿರಿದಾಗುತ್ತದೆ. ಡಿಇಐಸಿ ಬಾಗಿಲು ಮುಚ್ಚುತ್ತದೆ, ಶಾಲೆಯೂ. ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಇದೆ. ಮಗ ಅಥವಾ ಮಗಳಿಗೆ 18 ತುಂಬಿದ ಮೇಲೂ ತಂದೆತಾಯಿ ಅವರ ಪರವಾಗಿ ಸಹಿ ಮಾಡಬೇಕಾದರೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಯಿಂದ ಕಾನೂನುಬದ್ಧ ಪಾಲಕತ್ವ ಪಡೆಯಬೇಕು. ಬ್ಯಾಂಕಿನವರು ಅಡ್ಡ ಹಾಕುವವರೆಗೆ ಯಾರಿಗೂ ಇದು ನೆನಪಾಗುವುದಿಲ್ಲ. ಮಾನಸಿಕ ಅಸ್ವಸ್ಥತೆಯಿಂದ ಚೇತರಿಸಿಕೊಳ್ಳುತ್ತಿರುವವರಿಗೆ ಜಿಲ್ಲೆಗಳಲ್ಲಿ ಮಾನಸಧಾರ ಎಂಬ ಹಗಲು ಆರೈಕೆ ಕೇಂದ್ರಗಳಿವೆ. ಔಷಧಿಗೆ ಆಸ್ಪತ್ರೆ, ದಿನಚರಿಗೆ ಇದು ಎಂದು ಎರಡನ್ನೂ ಒಟ್ಟಿಗೆ ಹಿಡಿಯುವುದು ಲೇಸು.

ದುಡ್ಡು, ದಾರಿ

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ, ಇಲ್ಲದೆ ಯಾವ ಬಾಗಿಲೂ ಪೂರ್ತಿ ತೆರೆಯುವುದಿಲ್ಲ. ಮೊದಲು ಅದನ್ನು ಮಾಡಿಸಿ. ಆಮೇಲೆ ನಿರಾಮಯ ವಿಮೆ: ಮೇಲೆ ಹೇಳಿದ ನಾಲ್ಕು ಬಗೆಯವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ನೋಂದಣಿಗೆ ಮೊದಲು ವೈದ್ಯಕೀಯ ತಪಾಸಣೆ ಇಲ್ಲ. ಆಸ್ಪತ್ರೆಗೆ ಸೇರದೆ ಹೊರರೋಗಿಯಾಗಿ ಪಡೆಯುವ ಥೆರಪಿಗೂ ಅದರೊಳಗೆ ಒಂದು ಪಾಲು ಇದೆ. ಬಿಲ್ಲುಗಳನ್ನು ಕೂಡಿಡಬೇಕು, ಅಷ್ಟೇ. ಖಾಸಗಿ ಕ್ಲಿನಿಕ್ ಆರಿಸುವಾಗ "ಬಿಲ್ ಕೊಡುತ್ತೀರಾ" ಎಂದು ಕೇಳುವುದು ಇದಕ್ಕೇ.

ದಾರಿಯ ಖರ್ಚಿನ ಲೆಕ್ಕ 2023ರ ಜೂನ್ 11ರಿಂದ ಬದಲಾಯಿತು. ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನನಗೂ ಮಗಳಿಗೂ ಶೂನ್ಯ ಟಿಕೆಟ್. ಗಂಡುಮಗುವಾದರೆ ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಲು ಅಂಗವಿಕಲರ ರಿಯಾಯಿತಿ ಪಾಸ್ ಮಾಡಿಸಬಹುದು. ತಿಂಗಳಿಗೊಮ್ಮೆ ಹೋಗುತ್ತಿದ್ದ ಕೆಲವು ತಾಯಂದಿರು ಈಗ ವಾರಕ್ಕೊಮ್ಮೆ ಜಿಲ್ಲಾಸ್ಪತ್ರೆಗೆ ಹೋಗುತ್ತಿದ್ದಾರೆ. ಹತ್ತು ವರ್ಷದ ಮಗುವನ್ನು ಹೊತ್ತು ಬಸ್ಸಿನ ಮೂರು ಮೆಟ್ಟಿಲು ಹತ್ತುವ ಕೆಲಸ ಮಾತ್ರ ಯಾವ ಯೋಜನೆಯಲ್ಲೂ ಉಚಿತವಾಗಿಲ್ಲ.

ಕೊನೆಗೆ ನಾನು ಹೇಳುವುದು

ಮೂರು ವರ್ಷದೊಳಗಿನ ಮಗುವಾದರೆ ದೊಡ್ಡಾಸ್ಪತ್ರೆಯಲ್ಲಿ ಒಮ್ಮೆ ನಿರ್ಣಯ, ಆಮೇಲೆ ಡಿಇಐಸಿ. ಹಳ್ಳಿಯಲ್ಲಿದ್ದು ಬೆನ್ನೆಲುಬಾಗಿ ಒಂದು ಸಂಸ್ಥೆ ಇದ್ದರೆ ಮನೆಬಾಗಿಲಿನ ಸೇವೆ, ಜೊತೆಗೆ ಶಾಲೆ. ಪಟ್ಟಣದಲ್ಲಿದ್ದು, ಆಟಿಸಂ ಇದ್ದು, ದುಡ್ಡಿಗೆ ತೊಡಕಿಲ್ಲದಿದ್ದರೆ ಬಾಗಿಲು ತೆರೆದಿಡುವ ಕ್ಲಿನಿಕ್. ಎತ್ತುವವರಿಗೆ ಸೊಂಟ ಬಿದ್ದ ಮನೆಯಾದರೆ ಮೊದಲು ಡೇ ಕೇರ್, ಮಿಕ್ಕದ್ದು ನಂತರ. ಥೆರಪಿಗಾಗಿ ಊರು ಬಿಟ್ಟು ಬೆಂಗಳೂರಿಗೆ ಹೋಗುತ್ತೇವೆ ಎನ್ನುವವರಿಗೆ ಮಾತ್ರ ನಾನು ಬೇಡ ಎಂದು ನೇರವಾಗಿ ಹೇಳುತ್ತೇನೆ. ಹೋಗಲೇಬೇಕೆಂದರೆ ಮೂರು ವಾರಕ್ಕೆ ಹೋಗಿ, ಕಲಿತುಕೊಂಡು ಬನ್ನಿ.

ಯಾವುದನ್ನೇ ಆರಿಸಿದರೂ ಮೊದಲ ದಿನ ಮಗುವಿನ ಒಂದು ವಿಡಿಯೊ ತೆಗೆಯಿರಿ: ಅದೇ ಚಾಪೆ, ಅದೇ ಹೊತ್ತು, ಎರಡು ನಿಮಿಷ. ಮೂರು ತಿಂಗಳಿಗೆ ಇನ್ನೊಂದು. ದಿನಾ ನೋಡುವ ನಮ್ಮ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ಎರಡು ವಿಡಿಯೊಗಳ ನಡುವೆ ಮಗುವಿನ ಮೈಯಲ್ಲಾಗಲಿ ನಿಮ್ಮ ಕೈಗಳಲ್ಲಾಗಲಿ ಏನೂ ಬದಲಾಗದಿದ್ದರೆ ಕಾರಣ ಕೇಳಿ. ಉತ್ತರ ಸಮಾಧಾನ ತರದಿದ್ದರೆ ಬಿಟ್ಟು ಬನ್ನಿ. ಬರುವಾಗ ಫೈಲ್ ಕೇಳಿ ತನ್ನಿ. ಮೂಲ ಕೊಡುವುದಿಲ್ಲ ಎಂದರೆ ಜೆರಾಕ್ಸ್ ಸಾಕು: ಮೊದಲ ದಿನದ ತಪಾಸಣೆಯ ವರದಿ, ಎಕ್ಸ್‌ರೇ, ಸ್ಪ್ಲಿಂಟಿನ ಅಳತೆ, ಫಿಟ್ಸ್ ಮಾತ್ರೆಯ ಪ್ರಮಾಣ. ನಾನು ಎರಡು ಕಡೆ ಕೇಳಲು ಸಂಕೋಚಪಟ್ಟು ಬರಿಗೈಯಲ್ಲಿ ಬಂದೆ, ಮೂರನೆಯ ಕಡೆ ಎಲ್ಲವನ್ನೂ ಮೊದಲಿನಿಂದ ಮಾಡಿಸಬೇಕಾಯಿತು, ಎಕ್ಸ್‌ರೇ ಸೇರಿ.